ನಾಲ್ಕು ಸಲ ಆಫ್ರಿಕಾ ಚಾಂಪಿಯನ್ ಆದ ಘಾನಾ 1982ರ ನಂತರ ಯಾಕೆ ಗೆದ್ದಿಲ್ಲ?

ಲೆಫ್ಟ್‌ಬ್ಯಾಕ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಫುಟ್‌ಬಾಲ್ ನೋಡಲು ಶುರು ಮಾಡಿದ್ದೇ 2022ರ ವಿಶ್ವಕಪ್‌ನಲ್ಲಿ. ದಕ್ಷಿಣ ಕೊರಿಯಾ ಎದುರು ಘಾನಾ ಆಡಿದ ಮ್ಯಾಚ್ ನೋಡಿದೆ. 2-0 ಮುಂದಿದ್ದವರು 2-2ಕ್ಕೆ ಇಳಿದರು. ಆಮೇಲೆ ಮೊಹಮ್ಮದ್ ಕುಡುಸ್ ಇನ್ನೊಂದು ಗೋಲು ಹೊಡೆದು ಗೆಲ್ಲಿಸಿದ. ಅವತ್ತಿನಿಂದ ಈ ತಂಡ ಮನಸ್ಸಿಗೆ ಹಿಡಿಸಿಬಿಟ್ಟಿದೆ.

ಈಗ ಹಳೇ ದಾಖಲೆ ನೋಡಿದರೆ ಅರ್ಥವೇ ಆಗುತ್ತಿಲ್ಲ. ಆಫ್ರಿಕಾ ಕಪ್ ಆಫ್ ನೇಷನ್ಸ್ ಅನ್ನು 1963, 1965, 1978, 1982ರಲ್ಲಿ ಗೆದ್ದಿದ್ದಾರೆ. ಅದಾದ ಮೇಲೆ ಒಂದೂ ಇಲ್ಲ. ವಿಶ್ವಕಪ್‌ಗೆ ಮೊದಲ ಸಲ ಹೋಗಿದ್ದು 2006ರಲ್ಲಿ. ಕಪ್ ಗೆಲ್ಲುತ್ತಿದ್ದ ಕಾಲದಲ್ಲಿ ವಿಶ್ವಕಪ್ ಇಲ್ಲ, ವಿಶ್ವಕಪ್ ಆಡುವ ಕಾಲದಲ್ಲಿ ಕಪ್ ಇಲ್ಲ. ಇದು ಹೇಗೆ? ಆಗ ತಂಡಗಳು ಕಡಿಮೆ ಇದ್ದವು ಅಂತ ಗೆದ್ದರಾ? ಗೊತ್ತಿರುವವರು ಸ್ವಲ್ಪ ಹೇಳಿ.

ಟೆಮಾದಲ್ಲಿದ್ದವ ಬರೆದದ್ದು:

ಈ ಪ್ರಶ್ನೆ ನೋಡಿ ಸುಮ್ನೆ ಇರಲು ಆಗಲಿಲ್ಲ. 2007ರಿಂದ 2015ರವರೆಗೆ ನಾನು ಘಾನಾದ ಟೆಮಾ ಬಂದರಿನಲ್ಲಿ ಕೆಲಸಕ್ಕಿದ್ದೆ. ಕಂಟೇನರ್‌ಗಳ ಲೆಕ್ಕ ಬರೆಯುವ ಕೆಲಸ. ಹೋಗುವಾಗ ಫುಟ್‌ಬಾಲ್ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಬರುವಾಗ ಬ್ಲ್ಯಾಕ್ ಸ್ಟಾರ್ಸ್, ಅಂದರೆ ಘಾನಾ ತಂಡ, ಸೋತರೆ ಎರಡು ದಿನ ಊಟ ಸೇರದಂಥ ಮನುಷ್ಯನಾಗಿ ಬಂದೆ.

ಹಳೇ ಕಾಲದಿಂದಲೇ ಶುರು ಮಾಡ್ತೀನಿ. ಘಾನಾ ಸ್ವತಂತ್ರ ಆಗಿದ್ದು 1957ರಲ್ಲಿ. ಮೊದಲ ನಾಯಕ ಕ್ವಾಮೆ ಎನ್‌ಕ್ರುಮಾಗೆ ಫುಟ್‌ಬಾಲ್ ಅಂದರೆ ಬರೀ ಆಟ ಆಗಿರಲಿಲ್ಲ. ಆಫ್ರಿಕಾದವರು ತಮ್ಮ ಕಾಲ ಮೇಲೆ ನಿಲ್ಲಬಲ್ಲರು ಅಂತ ತೋರಿಸುವ ದಾರಿ ಅದು. ಬಾವುಟದ ನಡುವಿನ ಕಪ್ಪು ನಕ್ಷತ್ರವೇ ತಂಡದ ಹೆಸರಾಯಿತು. 1963ರಲ್ಲಿ ಟೂರ್ನಿ ಘಾನಾದಲ್ಲೇ ನಡೆಯಿತು. ಅಕ್ರಾದ ಫೈನಲ್‌ನಲ್ಲಿ ಸುಡಾನ್ ಮೇಲೆ 3-0. ಎರಡು ವರ್ಷದ ನಂತರ ಟ್ಯೂನಿಸ್‌ಗೆ ಹೋಗಿ, ಟ್ಯುನೀಷಿಯಾವನ್ನು ಅವರದೇ ನೆಲದಲ್ಲಿ ಎಕ್ಸ್‌ಟ್ರಾ ಟೈಮ್‌ನಲ್ಲಿ 3-2ರಿಂದ ಸೋಲಿಸಿದರು. ಕೋಚ್ ಘಾನಾದವರೇ, ಸಿ.ಕೆ. ಗ್ಯಾಂಫಿ. 1982ರಲ್ಲಿ ಗೆದ್ದಾಗಲೂ ಅವರೇ ಕೋಚ್. ಒಬ್ಬ ಕೋಚ್ ಮೂರು ಸಲ!

ತಂಡಗಳು ಕಡಿಮೆ ಇದ್ದವು ಅನ್ನೋದು ನಿಜ. 1963ರಲ್ಲಿ ಆರು, 1982ರಲ್ಲಿ ಎಂಟು. ಆದರೆ ಆ ತಂಡಗಳು ಸುಲಭದವಾಗಿರಲಿಲ್ಲ. 1963ರಿಂದ 1970ರವರೆಗೆ ನಡೆದ ನಾಲ್ಕೂ ಟೂರ್ನಿಗಳಲ್ಲಿ ಘಾನಾ ಫೈನಲ್ ಆಡಿದೆ. ಎರಡು ಗೆಲುವು, ಎರಡು 1-0 ಸೋಲು. 1978ರಲ್ಲಿ ಮೂರನೇ ಸಲ ಗೆದ್ದಾಗ ಕಪ್ ಅನ್ನೇ ಶಾಶ್ವತವಾಗಿ ಘಾನಾಕ್ಕೆ ಕೊಟ್ಟರು. ಮುಂದಿನ ಟೂರ್ನಿಗೆ ಹೊಸ ಕಪ್ ಮಾಡಿಸಬೇಕಾಯಿತು.

ಮತ್ತೆ ವಿಶ್ವಕಪ್‌ಗೆ ಯಾಕೆ ಹೋಗಲಿಲ್ಲ ಅಂದಿರಲ್ಲ, ಇದನ್ನು ಗಮನವಿಟ್ಟು ಓದಿ. 1966ರ ವಿಶ್ವಕಪ್‌ಗೆ ಆಫ್ರಿಕಾ, ಏಷ್ಯಾ, ಓಷಿಯಾನಿಯಾ ಎಲ್ಲಕ್ಕೂ ಸೇರಿಸಿ ಇಟ್ಟಿದ್ದು ಒಂದೇ ಒಂದು ಜಾಗ. ಘಾನಾದ ಕ್ರೀಡಾ ಮುಖ್ಯಸ್ಥ ಒಹೆನೆ ಜಾನ್ ಇದು ಅನ್ಯಾಯ ಅಂತ ಫಿಫಾಗೆ ನೇರವಾಗಿ ಬರೆದರು. ಕೊನೆಗೆ ಆಫ್ರಿಕಾದ ತಂಡಗಳು ಒಟ್ಟಾಗಿ ಬಹಿಷ್ಕಾರ ಹಾಕಿದವು. 1970ರಿಂದ ಆಫ್ರಿಕಾಕ್ಕೆ ತನ್ನದೇ ಜಾಗ ಸಿಕ್ಕಿತು. ಅಂದರೆ ಘಾನಾದ ಅತ್ಯುತ್ತಮ ತಂಡ ಮನೆಯಲ್ಲಿ ಕೂತು, ಮುಂದೆ ಬರುವವರಿಗೆ ಬಾಗಿಲು ತೆಗೆಸಿತು. ನಾನು ಅಲ್ಲಿದ್ದಾಗ ಅಕ್ರಾದ ಸ್ಟೇಡಿಯಂಗೆ ಒಹೆನೆ ಜಾನ್ ಅವರ ಹೆಸರೇ ಇತ್ತು. 2008ರ ಜನವರಿಯಲ್ಲಿ ಆಫ್ರಿಕಾ ಕಪ್‌ನ ಮೊದಲ ಮ್ಯಾಚ್‌ಗೆ, ಗಿನಿ ಎದುರು, ನಾನು ಅದೇ ಸ್ಟೇಡಿಯಂನಲ್ಲಿದ್ದೆ. 1-1 ಇದ್ದಾಗ, ಮ್ಯಾಚ್ ಮುಗಿಯುವ ಹೊತ್ತಿಗೆ, ಸುಲ್ಲಿ ಮುಂಟಾರಿ ದೂರದಿಂದ ಎಡಗಾಲಲ್ಲಿ ಒಂದು ಹೊಡೆದ ನೋಡಿ! ಪಕ್ಕದಲ್ಲಿ ಕೂತಿದ್ದ, ಹೆಸರೂ ಗೊತ್ತಿಲ್ಲದ ಒಬ್ಬ ಹಿರಿಯರು ನನ್ನನ್ನು ಅಪ್ಪಿಕೊಂಡು ಅಳುತ್ತಿದ್ದರು. ನನ್ನ ಜೀವ ಆ ತಂಡಕ್ಕೆ ಅಂಟಿಕೊಂಡಿದ್ದು ಆ ಕ್ಷಣದಲ್ಲಿ.

ಪಾಸಿಂಗ್ ಗೇಮ್ ಬರೆದದ್ದು:

ಟೆಮಾ ಸರ್, ಚೆನ್ನಾಗಿ ಬರೆದಿದ್ದೀರಿ. ಆದರೆ ಮುಖ್ಯ ಪ್ರಶ್ನೆ ಹಾಗೇ ಉಳಿಯಿತು. 1982ರ ನಂತರ ಯಾಕಿಲ್ಲ?

ನನ್ನ ಪ್ರಕಾರ ಕಾರಣ ಮೈದಾನದ ಹೊರಗಿದೆ. 2014ರ ವಿಶ್ವಕಪ್ ನೆನಪಿಸಿಕೊಳ್ಳಿ. ಬೋನಸ್ ಹಣ ಕೈಗೆ ಬರದೆ ಆಟಗಾರರು ಅಭ್ಯಾಸ ಬಿಟ್ಟರು. ಕೊನೆಗೆ ಸರ್ಕಾರ 30 ಲಕ್ಷ ಡಾಲರ್‌ಗೂ ಹೆಚ್ಚು ನಗದನ್ನು ವಿಮಾನದಲ್ಲಿ ಬ್ರೆಜಿಲ್‌ಗೆ ಕಳಿಸಿತು. ಪೋರ್ಚುಗಲ್ ಎದುರಿನ ಮ್ಯಾಚ್‌ಗೆ ಮುಂಚೆ ಮುಂಟಾರಿ, ಕೆವಿನ್-ಪ್ರಿನ್ಸ್ ಬೋಟೆಂಗ್ ಇಬ್ಬರನ್ನೂ ಮನೆಗೆ ಕಳಿಸಿದರು. ಅದೇ ತಂಡ ಅದಕ್ಕೆ ಸ್ವಲ್ಪ ದಿನ ಮುಂಚೆ ಜರ್ಮನಿ ಜೊತೆ 2-2 ಮಾಡಿತ್ತು. ಆ ವಿಶ್ವಕಪ್‌ನಲ್ಲಿ ಜರ್ಮನಿ ಗೆಲ್ಲದ ಏಕೈಕ ಮ್ಯಾಚ್ ಅದು!

ಆಮೇಲಿನದ್ದು ಇನ್ನೂ ನೋವು. 2022ರ ಜನವರಿಯಲ್ಲಿ, ಮೊದಲ ಸಲ ಆಫ್ರಿಕಾ ಕಪ್‌ಗೆ ಬಂದಿದ್ದ ಕೊಮೊರೋಸ್ ಎದುರು 3-2 ಸೋಲು. 2024ರಲ್ಲಿ ಮೊಜಾಂಬಿಕ್ ಎದುರು 2-0 ಮುಂದಿದ್ದು, ಇಂಜುರಿ ಟೈಮ್‌ನಲ್ಲಿ ಎರಡು ಗೋಲು ಬಿಟ್ಟುಕೊಟ್ಟರು. 2025ರ ಟೂರ್ನಿಗೆ ಅರ್ಹತೆಯೇ ಸಿಗಲಿಲ್ಲ. ಅರ್ಹತಾ ಸುತ್ತಿನ ಆರು ಮ್ಯಾಚ್‌ಗಳಲ್ಲಿ ಒಂದೂ ಗೆಲ್ಲಲಿಲ್ಲ. ಇದನ್ನು ಬರೀ ದುರದೃಷ್ಟ ಅನ್ನೋಕಾಗುತ್ತಾ?

ಟೆಮಾದಲ್ಲಿದ್ದವ ಬರೆದದ್ದು:

ನೀವು ಹೇಳಿದ್ದರಲ್ಲಿ ಒಂದೂ ಸುಳ್ಳಿಲ್ಲ. ಕಳೆದ ಹತ್ತು ವರ್ಷಕ್ಕೆ ನಿಮ್ಮ ಕಾರಣವೇ ಸರಿ. ಬೋನಸ್ ಸುದ್ದಿ ಬಂದ ದಿನ ನಮ್ಮ ಗೋದಾಮಿನ ಹುಡುಗರು ತಲೆ ಎತ್ತಿ ಮಾತಾಡಲಿಲ್ಲ. ಅವರಿಗೆ ಬೇಜಾರು ಆಟಗಾರರ ಮೇಲಲ್ಲ. ಹೀಗೆ ಜಗತ್ತಿನ ಮುಂದೆ ನಿಲ್ಲಬೇಕಾಯಿತಲ್ಲ ಅಂತ.

ಆದರೆ 1982ರಿಂದ 2015ರವರೆಗಿನದ್ದಕ್ಕೆ ಆ ಕಾರಣ ಸಾಲದು. ಆ ಅವಧಿಯಲ್ಲಿ ಘಾನಾ ಕಪ್‌ನಿಂದ ದೂರ ಇರಲಿಲ್ಲ. ಕಪ್ ಪಕ್ಕದಲ್ಲೇ ನಿಂತಿತ್ತು. 1982ರ ನಂತರ ಮೂರು ಫೈನಲ್ ಆಡಿದ್ದಾರೆ. 2010ರಲ್ಲಿ ಈಜಿಪ್ಟ್ ಎದುರು 1-0 ಸೋಲು, ಗೋಲು ಬಿದ್ದಿದ್ದು 85ನೇ ನಿಮಿಷಕ್ಕೆ. ಉಳಿದ ಎರಡೂ ಐವರಿ ಕೋಸ್ಟ್ ಎದುರು. ಎರಡೂ 0-0. ಎರಡೂ ಪೆನಾಲ್ಟಿ ಶೂಟೌಟ್. 1992ರಲ್ಲಿ 11-10, 2015ರಲ್ಲಿ 9-8. ಆ ಎರಡು ಫೈನಲ್‌ನಲ್ಲಿ 240 ನಿಮಿಷ ಆಡಿ ಘಾನಾ ಒಂದು ಗೋಲನ್ನೂ ಬಿಟ್ಟುಕೊಟ್ಟಿಲ್ಲ. ಕಪ್ ಮಾತ್ರ ಎರಡೂ ಸಲ ಪಕ್ಕದ ದೇಶಕ್ಕೆ ಹೋಯಿತು.

1992ರಲ್ಲಿ ಅಬೆಡಿ ಪೆಲೆ ಇದ್ದಿದ್ದರೆ ಶೂಟೌಟ್‌ಗೆ ಹೋಗುತ್ತಲೇ ಇರಲಿಲ್ಲ ಅಂತ ಟೆಮಾದ ಹಿರಿಯರು ಇವತ್ತಿಗೂ ಹೇಳ್ತಾರೆ. ಸೆಮಿಫೈನಲ್‌ನಲ್ಲಿ ನೈಜೀರಿಯಾ ಎದುರು ಹೆಡರ್‌ನಲ್ಲಿ ಗೋಲು ಹೊಡೆದಿದ್ದರು. ಅದೇ ಮ್ಯಾಚ್‌ನಲ್ಲಿ ಸಿಕ್ಕ ಹಳದಿ ಕಾರ್ಡ್‌ನಿಂದ ಫೈನಲ್‌ಗೆ ನಿಷೇಧ. ಆ ಕಾಲದ ಆಫ್ರಿಕಾದ ದೊಡ್ಡ ಆಟಗಾರ ಹೊರಗೆ ಕೂತು ನೋಡಬೇಕಾಯಿತು.

2015ರ ಫೈನಲ್ ನಾನು ಟೆಮಾದಲ್ಲೇ ನೋಡಿದೆ. ಆಗ ಕರೆಂಟ್ ಹೋಗುವುದು ಬರುವುದು ವಿಪರೀತ. ಅದಕ್ಕೆ ಅಲ್ಲಿ ಡುಮ್ಸೋರ್ ಅಂತ ಹೆಸರು, ಅವರ ಟ್ವಿ ಭಾಷೆಯಲ್ಲಿ ‘ಆರಿಸು-ಹೊತ್ತಿಸು’ ಅಂದಹಾಗೆ. ನಮ್ಮ ಕಾಂಪೌಂಡಿನ ಐದು ಮನೆಯವರು ಸೀಡಿ (ಅಲ್ಲಿನ ಹಣ) ಸೇರಿಸಿ ಜನರೇಟರ್‌ಗೆ ಪೆಟ್ರೋಲ್ ಹಾಕಿಸಿದ್ದೆವು. ಐವರಿ ಕೋಸ್ಟ್ ಮೊದಲ ಎರಡು ಪೆನಾಲ್ಟಿಯನ್ನೂ ತಪ್ಪಿಸಿತು. ಘಾನಾ ಎರಡನ್ನೂ ಹೊಡೆಯಿತು. ಆಗಲೇ ಹೆಂಗಸರು ಹಾಡಲು ಶುರು ಮಾಡಿದ್ದರು. ಆಮೇಲೆ ನಮ್ಮವರು ಎರಡು ತಪ್ಪಿಸಿದರು. ಒಬ್ಬೊಬ್ಬರಾಗಿ ಎಲ್ಲರೂ ಹೊಡೆದು ಕೊನೆಗೆ ಗೋಲ್‌ಕೀಪರ್‌ಗಳ ಸರದಿ. ನಮ್ಮ ಕೀಪರ್ ರಜಾಕ್ ಹೊಡೆದಿದ್ದನ್ನು ಅವರ ಕೀಪರ್ ಬ್ಯಾರಿ ಹಿಡಿದ. ಆಮೇಲೆ ಅವನೇ ಬಂದು ಹೊಡೆದು ಕಪ್ ಗೆದ್ದ. ಟಿವಿ ಆರಿಸಿದ ಮೇಲೂ ಜನರೇಟರ್ ಸದ್ದು ಮಾಡುತ್ತಲೇ ಇತ್ತು. ಎದ್ದು ಹೋಗಿ ಅದನ್ನು ನಿಲ್ಲಿಸುವ ಮನಸ್ಸು ಯಾರಿಗೂ ಇರಲಿಲ್ಲ.

ಘಾನಾದವರಿಗೆ ಪೆನಾಲ್ಟಿ ಬರಲ್ಲ ಅನ್ನುವ ಮಾತನ್ನೂ ನಾನು ಒಪ್ಪಲ್ಲ. 1982ರ ಕಪ್ ಗೆದ್ದಿದ್ದೇ ಲಿಬಿಯಾ ಎದುರು, ಟ್ರಿಪೊಲಿಯಲ್ಲಿ, 7-6ರ ಶೂಟೌಟ್‌ನಲ್ಲಿ. 2009ರಲ್ಲಿ 20 ವರ್ಷದೊಳಗಿನವರ ವಿಶ್ವಕಪ್ ಫೈನಲ್‌ನಲ್ಲಿ ಬ್ರೆಜಿಲ್ ಎದುರು ಹೆಚ್ಚಿನ ಹೊತ್ತು ಹತ್ತೇ ಜನ ಆಡಿ, ಶೂಟೌಟ್‌ನಲ್ಲಿ ಗೆದ್ದರು. ಆಫ್ರಿಕಾದ ಯಾವ ದೇಶವೂ ಅದಕ್ಕೆ ಮುಂಚೆ ಆ ಕಪ್ ಗೆದ್ದಿರಲಿಲ್ಲ. ಗೆಲುವಿನ ಪೆನಾಲ್ಟಿ ಹೊಡೆದವನು ಅಗ್ಯೆಮಾಂಗ್-ಬಾಡು. ಅದೇ ಹುಡುಗ 2013ರ ಆಫ್ರಿಕಾ ಕಪ್ ಸೆಮಿಫೈನಲ್‌ನಲ್ಲಿ ಬುರ್ಕಿನಾ ಫಾಸೊ ಎದುರು ತಪ್ಪಿಸಿದ. ಒಂದೇ ಕಾಲು, ಎರಡು ರಾತ್ರಿ.

ಲೆಫ್ಟ್‌ಬ್ಯಾಕ್ ಬರೆದದ್ದು:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. 1966ರ ವಿಷಯ ನನಗೆ ಗೊತ್ತೇ ಇರಲಿಲ್ಲ. ಟೆಮಾ ಸರ್, 2010ರ ವಿಶ್ವಕಪ್ ಕ್ವಾರ್ಟರ್‌ಫೈನಲ್, ಆ ಉರುಗ್ವೆ ಮ್ಯಾಚ್ ದಿನ ನೀವು ಅಲ್ಲೇ ಇದ್ದಿರಿ ಅಲ್ವಾ? ನಾನು ಅದರ ತುಣುಕು ಮಾತ್ರ ನೋಡಿದ್ದೀನಿ. ಉರುಗ್ವೆಯ ಸುವಾರೆಜ್ ಕೈ, ರೆಡ್ ಕಾರ್ಡ್, ಪೆನಾಲ್ಟಿ, ಘಾನಾದ ಗ್ಯಾನ್ ಹೊಡೆದ ಚೆಂಡು ಕ್ರಾಸ್‌ಬಾರ್‌ಗೆ. ಅಷ್ಟಕ್ಕೇ ಮುಗಿಯುತ್ತೆ.

ಟೆಮಾದಲ್ಲಿದ್ದವ ಬರೆದದ್ದು:

ಅಷ್ಟಕ್ಕೇ ಮುಗಿಸುತ್ತಾರೆ, ಅದೇ ನನ್ನ ದೊಡ್ಡ ಬೇಸರ.

2010ರ ಜುಲೈ 2. ಘಾನಾದಲ್ಲಿ ಆಗ ಸಂಜೆ. ಅಲ್ಲಿ ಬಾರ್‌ಗೆ ಸ್ಪಾಟ್ ಅಂತಾರೆ. ನಮ್ಮ ರಸ್ತೆಯ ಸ್ಪಾಟ್‌ನವರು ಟಿವಿಯನ್ನು ಹೊರಗೆ ತಂದು ಮೇಜಿನ ಮೇಲೆ ಇಟ್ಟಿದ್ದರು. ಪ್ಲಾಸ್ಟಿಕ್ ಕುರ್ಚಿಗಳು ರಸ್ತೆಯ ಅರ್ಧದವರೆಗೂ ಬಂದಿದ್ದವು. ವಿರಾಮಕ್ಕೆ ಮುಂಚೆ ಮುಂಟಾರಿ ದೂರದಿಂದ ಗೋಲು ಹೊಡೆದ. ವಿರಾಮದ ನಂತರ ಫೋರ್ಲಾನ್ ಫ್ರೀ ಕಿಕ್‌ನಲ್ಲಿ ಸಮ ಮಾಡಿದ. ಎಕ್ಸ್‌ಟ್ರಾ ಟೈಮ್‌ನ ಕೊನೆಯ ಕ್ಷಣಕ್ಕೆ ಘಾನಾಕ್ಕೆ ಫ್ರೀ ಕಿಕ್. ಚೆಂಡು ಗೋಲಿನ ಮುಂದೆ ಬಿತ್ತು. ಅಪಿಯಾ ಹೊಡೆದಿದ್ದು ಸುವಾರೆಜ್ ಕಾಲಿಗೆ ಬಡಿದು ವಾಪಸ್ ಬಂತು. ಡೊಮಿನಿಕ್ ಅಡಿಯಾ ತಲೆ ಕೊಟ್ಟ. ಸುವಾರೆಜ್ ಗೆರೆ ಮೇಲೆ ನಿಂತು ಎರಡೂ ಕೈಯಿಂದ ತಳ್ಳಿದ. ಆಫ್ರಿಕಾದ ಯಾವ ತಂಡವೂ ಅಲ್ಲಿಯವರೆಗೆ ವಿಶ್ವಕಪ್ ಸೆಮಿಫೈನಲ್ ಆಡಿರಲಿಲ್ಲ. ಅದಕ್ಕೆ ಉಳಿದಿದ್ದು ಒಂದು ಪೆನಾಲ್ಟಿ ಕಿಕ್.

ನನ್ನ ಮುಂದೆ ತಲೆ ಮೇಲೆ ಬೇಸಿನ್ ಹೊತ್ತು ಪ್ಯೂರ್ ವಾಟರ್, ಅಂದರೆ ಪ್ಯಾಕೆಟ್ ನೀರು, ಮಾರುವ ಹುಡುಗಿ ನಿಂತಿದ್ದಳು. ಯಾರಿಗೋ ಚಿಲ್ಲರೆ ಕೊಡಲು ಕೈ ಚಾಚಿದ್ದಳು. ಗ್ಯಾನ್ ಓಡಿ ಬಂದ. ಚೆಂಡು ಬಾರ್‌ಗೆ ಬಡಿದು ಮೇಲೆ ಹೋಯಿತು. ಆ ಹುಡುಗಿಯ ಕೈ ಹಾಗೇ ಇತ್ತು. ಅಂಗೈಯಲ್ಲಿ ಪೆಸೆವಾ ನಾಣ್ಯಗಳೂ ಹಾಗೇ ಇದ್ದವು. ತಗೊಳ್ಳಬೇಕಾದವನು ತಗೊಳ್ಳಲಿಲ್ಲ.

ನೀವು ನೋಡಿದ ತುಣುಕು ಇಲ್ಲಿಗೆ ನಿಲ್ಲುತ್ತೆ. ದಯವಿಟ್ಟು ಮುಂದಕ್ಕೆ ನೋಡಿ. ಕೆಲವೇ ನಿಮಿಷದಲ್ಲಿ ಶೂಟೌಟ್. ಘಾನಾ ಪರವಾಗಿ ಮೊದಲ ಪೆನಾಲ್ಟಿ ಹೊಡೆಯಲು ಬಂದವನು ಯಾರು ಗೊತ್ತಾ? ಅಸಮೋವಾ ಗ್ಯಾನ್. ಆಗ ತಾನೇ ಇಡೀ ಖಂಡದ ಕನಸು ಅವನ ಕಾಲಿಂದ ಜಾರಿತ್ತು. ಆದರೂ ಚೆಂಡು ಇಟ್ಟ, ಹಿಂದೆ ಸರಿದ, ಓಡಿ ಬಂದು ಮೇಲಿನ ಮೂಲೆಗೆ ಹೊಡೆದ. ಗೋಲು! ಸ್ಪಾಟ್‌ನಲ್ಲಿ ಯಾರೂ ಕೂಗಲಿಲ್ಲ. ಮುಂದಿನ ಕುರ್ಚಿಯಲ್ಲಿದ್ದ ಟ್ರೊಟ್ರೊ (ಅಲ್ಲಿನ ಮಿನಿಬಸ್) ಡ್ರೈವರ್ ಮಾತ್ರ ಎದ್ದು ನಿಂತು ನಿಧಾನವಾಗಿ ಚಪ್ಪಾಳೆ ತಟ್ಟಿದ. ಆಮೇಲೆ ನಾಯಕ ಜಾನ್ ಮೆನ್ಸಾ, ಅಡಿಯಾ ಇಬ್ಬರದ್ದನ್ನೂ ಕೀಪರ್ ತಡೆದ. 4-2. ಆ ಅಡಿಯಾ, ಹಿಂದಿನ ವರ್ಷ 20 ವರ್ಷದೊಳಗಿನವರ ವಿಶ್ವಕಪ್‌ನ ಅತ್ಯುತ್ತಮ ಆಟಗಾರ.

ಜನ ಗ್ಯಾನ್ ಅಂದರೆ ಆ ಬಾರ್ ಒಂದನ್ನೇ ಹೇಳ್ತಾರೆ. ವಿಶ್ವಕಪ್‌ನಲ್ಲಿ ಆರು ಗೋಲು ಹೊಡೆದಿದ್ದಾನೆ, ಆಫ್ರಿಕಾದಲ್ಲಿ ಅಷ್ಟು ಇನ್ಯಾರೂ ಹೊಡೆದಿರಲಿಲ್ಲ. ದೇಶಕ್ಕಾಗಿ 51. 2012ರ ಆಫ್ರಿಕಾ ಕಪ್ ಸೆಮಿಫೈನಲ್‌ನಲ್ಲಿ ಜಾಂಬಿಯಾ ಎದುರು ಮತ್ತೆ ಪೆನಾಲ್ಟಿ ತಪ್ಪಿತು. ಇನ್ನು ಪೆನಾಲ್ಟಿ ಹೊಡೆಯಬೇಡ ಮಗನೇ ಅಂತ ಅವನ ತಾಯಿ ಹೇಳಿದ್ದರಂತೆ. ಅದೇ ವರ್ಷ ಅವರು ತೀರಿಕೊಂಡರು. ಈ ವಿಷಯ ಬಂದರೆ ನಮ್ಮ ಮನೆ ಮಾಲೀಕರ ಹೆಂಡತಿ ಮಾತು ನಿಲ್ಲಿಸಿ ಒಳಗೆ ಹೋಗಿಬಿಡುತ್ತಿದ್ದರು.

ಒಂದೇ ಒಂದು ಹಳೇ ಮ್ಯಾಚ್ ಪೂರ್ತಿ ನೋಡ್ತೀನಿ ಅಂದರೆ, 2006ರ ಚೆಕ್ ಗಣರಾಜ್ಯದ ಮ್ಯಾಚ್ ನೋಡಿ. ವಿಶ್ವಕಪ್‌ನಲ್ಲಿ ಘಾನಾದ ಮೊದಲ ಗೆಲುವು, 2-0. ಎರಡನೇ ನಿಮಿಷದಲ್ಲೇ ಗ್ಯಾನ್ ಗೋಲು ಹೊಡೀತಾನೆ. ಅದರಲ್ಲೂ ಅವನ ಒಂದು ಪೆನಾಲ್ಟಿ ಕಂಬಕ್ಕೆ ಬಡಿಯುತ್ತೆ. ಆದರೆ ಅವತ್ತು ಯಾರಿಗೂ ಅದು ನೆನಪಿಲ್ಲ, ಯಾಕೆಂದರೆ ಕೊನೆಯಲ್ಲಿ ಮುಂಟಾರಿ ಎರಡನೆಯದನ್ನು ಹೊಡೆದ.

ಲೆಫ್ಟ್‌ಬ್ಯಾಕ್ ಬರೆದದ್ದು:

ಈಗ ತಾನೇ ಉರುಗ್ವೆ ಮ್ಯಾಚ್‌ನ ಶೂಟೌಟ್ ನೋಡಿದೆ ಸರ್. ಗ್ಯಾನ್ ನಡೆದು ಬರೋದನ್ನು ಮೂರು ಸಲ ಹಿಂದಕ್ಕೆ ಹಾಕಿ ನೋಡಿದೆ. ನಾಳೆ ಚೆಕ್ ಮ್ಯಾಚ್ ನೋಡ್ತೀನಿ.