ಡೆಸರ್ಟ್ ವಿಲೋ: ಎಲೆ ದಟ್ಟವಾಗಿದೆ, ಹೂವಿಲ್ಲ. ಎಷ್ಟು ಸವರಬೇಕು, ಯಾವಾಗ?

ಒಣನೆಲ:
ನೆಟ್ಟು ಮೂರು ವರ್ಷವಾದ ಡೆಸರ್ಟ್ ವಿಲೋ, ಈಗ ಒಂಬತ್ತು ಅಡಿ ಇದೆ. ಬುಡದಿಂದಲೇ ಎಂಟು ಕಾಂಡ ಎದ್ದಿವೆ, ಎರಡು ಕಡೆ ಒಂದಕ್ಕೊಂದು ಉಜ್ಜಿ ತೊಗಟೆ ಸುಲಿದಿದೆ. ಎಲೆ ಸೊಂಪಾಗಿದೆ, ಹೂವು ಮಾತ್ರ ಅಲ್ಲೊಂದು ಇಲ್ಲೊಂದು. ಬುಡಕ್ಕೆ ತಾಗಿದಂತೆ ಎರಡು ಡ್ರಿಪ್ಪರ್, ದಿನಾ 20 ನಿಮಿಷ ನೀರು. ಹುಲ್ಲುಹಾಸಿನ ಗೊಬ್ಬರವನ್ನೇ ವರ್ಷಕ್ಕೆ ಎರಡು ಸಲ ಇದಕ್ಕೂ ಹಾಕುತ್ತೇವೆ. ಚಳಿಗಾಲ ಮುಗಿಯುತ್ತಾ ಬಂದಿದೆ, ಎಲೆ ಪೂರ್ತಿ ಉದುರಿದೆ, ಒಣಗಿದ ಉದ್ದ ಕಾಯಿಗಳು ನೇತಾಡುತ್ತಿವೆ. ಒಂದೇ ಕಾಂಡ ಉಳಿಸಿ ಮರ ಮಾಡಬಹುದೇ? ಅಥವಾ ನೆಲಮಟ್ಟಕ್ಕೆ ಕಡಿದು ಹೊಸದಾಗಿ ಬೆಳೆಸುವುದು ಒಳ್ಳೆಯದೇ?

ಕತ್ತರಿ_ಗರಗಸ:
ಮೊದಲು ನೀರು, ಆಮೇಲೆ ಗರಗಸ. ನಿಮ್ಮ ಮರದ ತೊಂದರೆಯ ಮುಕ್ಕಾಲು ಪಾಲು ಆ ಡ್ರಿಪ್ಪರ್‌ಗಳಲ್ಲೇ ಇದೆ.

ಹೆಸರಿನಲ್ಲಿ ವಿಲೋ ಇದ್ದರೂ ಇದು ವಿಲೋ ಅಲ್ಲ. ಎಲೆ ಸಪೂರವಾಗಿ ವಿಲೋ ಎಲೆಯಂತೆ ಕಾಣುವುದರಿಂದ ಬಂದ ಹೆಸರು ಅಷ್ಟೆ. ಸಸ್ಯ ಕುಟುಂಬದಲ್ಲಿ ಇದು ನಮ್ಮ ಆಕಾಶಮಲ್ಲಿಗೆ, ಟಬೆಬುಯಾಗಳ ಬಳಗ. ಹೊಳೆದಂಡೆಯ ವಿಲೋಗೆ ಹೇಳಿದ ಉಪಚಾರವನ್ನು ಇದಕ್ಕೆ ಮಾಡಿದರೆ ಕೆಡುತ್ತದೆ. ಅಮೆರಿಕದ ನೈಋತ್ಯ ಭಾಗ ಮತ್ತು ಉತ್ತರ ಮೆಕ್ಸಿಕೋದ ಮರುಭೂಮಿಗಳಲ್ಲಿ ಇದು ಬೆಳೆಯುವುದು ಒಣಹಳ್ಳಗಳಲ್ಲಿ. ಯಾವಾಗಲೋ ಒಮ್ಮೆ ಹಳ್ಳ ತುಂಬಿ ಹರಿಯುತ್ತದೆ, ನೀರು ಆಳಕ್ಕೆ ಇಳಿಯುತ್ತದೆ, ಮತ್ತೆ ವಾರಗಟ್ಟಲೆ ಬರ. ನೀವು ಕೊಡುವ ನೀರೂ ಹಾಗೇ ಇರಬೇಕು.

ಡ್ರಿಪ್ಪರ್‌ಗಳನ್ನು ಕೊಂಬೆಗಳ ಹರವು ಮುಗಿಯುವ ಅಂಚಿಗೆ ಸರಿಸಿ, ಸಂಖ್ಯೆಯನ್ನು ನಾಲ್ಕಾರಕ್ಕೆ ಹೆಚ್ಚಿಸಿ. ಒಮ್ಮೆ ಬಿಟ್ಟರೆ 60 ಸೆಂ.ಮೀ. ಆಳದವರೆಗಾದರೂ ನೆನೆಯಬೇಕು. ಎಷ್ಟು ಹೊತ್ತು ಬಿಡಬೇಕು ಎನ್ನುವುದು ಮಣ್ಣಿನ ಮೇಲೆ. ನೀರು ನಿಲ್ಲಿಸಿ ಒಂದು ದಿನ ಬಿಟ್ಟು ತೆಳ್ಳನೆಯ ಕಬ್ಬಿಣದ ಸರಳನ್ನು ಒತ್ತಿ ನೋಡಿ. ಒದ್ದೆ ಇರುವಷ್ಟು ದೂರ ಸಲೀಸಾಗಿ ಇಳಿಯುತ್ತದೆ, ಒಣಮಣ್ಣು ಸಿಕ್ಕಲ್ಲಿ ನಿಲ್ಲುತ್ತದೆ. ಬೇರೂರಿದ ಮರಕ್ಕೆ ಬೇಸಿಗೆಯಲ್ಲಿ ಎರಡು ಮೂರು ವಾರಕ್ಕೊಮ್ಮೆ, ಎಲೆ ಉದುರಿದ ಮೇಲೆ ತಿಂಗಳು ಎರಡು ತಿಂಗಳಿಗೊಮ್ಮೆ ಸಾಕು. ದಿನಾ ಕುಡಿದು ರೂಢಿಯಾದ ಬೇರು ಮೇಲ್ಮಣ್ಣಿನಲ್ಲೇ ಇರುವುದರಿಂದ ಅಂತರವನ್ನು ಒಮ್ಮೆಲೇ ಹಿಗ್ಗಿಸಬೇಡಿ: ವಾರಕ್ಕೆರಡು, ವಾರಕ್ಕೊಂದು, ಹತ್ತು ದಿನಕ್ಕೊಂದು ಎಂದು ಈ ವಸಂತದಲ್ಲೇ ಶುರುಮಾಡಿ. ಸುಡುಬಿಸಿಲು ಬಂದ ಮೇಲೆ ಈ ಕೆಲಸ ಬೇಡ.

ಗೊಬ್ಬರ ಪೂರ್ತಿ ನಿಲ್ಲಿಸಿ. ಹುಲ್ಲುಹಾಸಿನ ಗೊಬ್ಬರದಲ್ಲಿ ಸಾರಜನಕವೇ ಜಾಸ್ತಿ. ಅದು ಹೂವನ್ನು ಎಲೆಗೆ ಮಾರುತ್ತದೆ, ಉದ್ದನೆಯ ಮೆತ್ತಗಿನ ಕೊಂಬೆ ಕೊಡುತ್ತದೆ, ಗಾಳಿಗೆ ಅದೇ ಮೊದಲು ಸೀಳುವುದು, ಸಸ್ಯಹೇನು ಕೂರುವುದೂ ಅದರ ಮೇಲೇ.

ಬಹುಕಾಂಡ:
ಸವರುವ ವಿಷಯಕ್ಕೆ ಬರುತ್ತೇನೆ. ಕಾಲ ಇದೇ, ಮೊಗ್ಗು ಒಡೆಯುವ ಮುಂಚೆ. ಹೂವು ಬರುವುದು ಆ ವರ್ಷದ ಹೊಸ ಚಿಗುರಿನ ತುದಿಯಲ್ಲಿ, ಆದ್ದರಿಂದ ಈಗ ಕತ್ತರಿಸಿದರೆ ಹೂವು ಕಳೆದುಹೋಗುವುದಿಲ್ಲ. ಬೇಸಿಗೆಯಲ್ಲಿ ಬೇಲಿಗಿಡದಂತೆ ತುದಿ ಕತ್ತರಿಸಿದರೆ ಮಾತ್ರ ಹೂಗೊಂಚಲನ್ನೇ ಕತ್ತರಿಸಿದಂತೆ.

ಎಂಟರಿಂದ ಒಂದಕ್ಕೆ ಇಳಿಸುವ ಯೋಚನೆ ಬಿಡಿ. ಇದರ ಸ್ವಭಾವವೇ ಬಹುಕಾಂಡ. ಒಂದೇ ಉಳಿಸಿದರೆ ಬುಡದಿಂದ ಪ್ರತಿ ವರ್ಷ ಚಿಗುರು ಏಳುತ್ತಲೇ ಇರುತ್ತದೆ. ಮೂರು ಅಥವಾ ಐದು ಉಳಿಸಿ. ದಪ್ಪನೆಯದು ಎಂದು ನೋಡಿ ಆರಿಸಬೇಡಿ, ಬುಡದಲ್ಲಿ ಒಂದಕ್ಕೊಂದು ಅಂತರವಿದ್ದು ಬೇರೆಬೇರೆ ದಿಕ್ಕಿಗೆ ಹೊರಚಾಚಿದವನ್ನು ಆರಿಸಿ. ಈ ವರ್ಷ ಉಜ್ಜಾಡುವ ಎರಡು ಜೋಡಿಯಲ್ಲಿ ಒಂದೊಂದನ್ನು ತೆಗೆಯಿರಿ, ತೊಗಟೆ ಹೆಚ್ಚು ಸುಲಿದದ್ದು ಹೋಗಲಿ. ಉಳಿದದ್ದು ಮುಂದಿನ ಚಳಿಗಾಲಕ್ಕೆ. ಒಂದು ವರ್ಷಕ್ಕೆ ಒಟ್ಟು ಕೊಂಬೆಯ ಕಾಲು ಭಾಗ ದಾಟಬಾರದು. ದಾಟಿದರೆ ಮರ ಗಾಬರಿಬಿದ್ದು ಎಲ್ಲೆಂದರಲ್ಲಿ ನೀರುಚಿಗುರು (ನೆಟ್ಟಗೆ ಮೇಲೇಳುವ ದುರ್ಬಲ ಕಡ್ಡಿ) ಎಬ್ಬಿಸುತ್ತದೆ, ಅದನ್ನು ಸವರುವುದೇ ಮುಂದಿನ ಎರಡು ವರ್ಷದ ಕೆಲಸ.

ದಪ್ಪ ಕೊಂಬೆಗೆ ಮೂರು ಕೊಯ್ತ. ಕಾಂಡದಿಂದ 30 ಸೆಂ.ಮೀ. ದೂರದಲ್ಲಿ ಕೆಳಗಿನಿಂದ ಮೂರನೇ ಒಂದು ಭಾಗ ಕೊಯ್ಯಿರಿ. ಅದಕ್ಕಿಂತ ತುಸು ಹೊರಗೆ ಮೇಲಿನಿಂದ ಕೊಯ್ದರೆ ಭಾರ ಕಳಚಿ ಬೀಳುತ್ತದೆ, ತೊಗಟೆ ಕಾಂಡದುದ್ದಕ್ಕೂ ಸೀಳಿಕೊಂಡು ಬರುವುದಿಲ್ಲ. ಕೊನೆಗೆ ಉಳಿದ ಮೋಟನ್ನು, ಕೊಂಬೆ ಕಾಂಡಕ್ಕೆ ಸೇರುವಲ್ಲಿನ ಉಬ್ಬಿನ ಹೊರಗೆ ತೆಗೆಯಿರಿ. ಗಾಯ ಮುಚ್ಚುವುದು ಆ ಉಬ್ಬೇ, ಅದನ್ನು ಕೊಯ್ಯಬಾರದು. ಮೋಟು ಬಿಟ್ಟರೂ ಒಣಗಿ ಕೊಳೆ ಒಳಗಿಳಿಯುತ್ತದೆ. ಬಣ್ಣ, ಡಾಂಬರು ಏನನ್ನೂ ಬಳಿಯಬೇಡಿ.

ಮೇಲ್ತುದಿಯನ್ನು ಒಂದೇ ಮಟ್ಟಕ್ಕೆ ಚಪ್ಪಟೆಯಾಗಿ ಕಡಿಯುವುದಂತೂ ಬೇಡವೇ ಬೇಡ. ಕಡಿದ ಕಡೆ ಪೊರಕೆಯಂತೆ ಏಳುವ ಕೊಂಬೆಗಳಿಗೆ ಹಿಡಿತ ಇರುವುದಿಲ್ಲ.

ಒಣನೆಲ:
ತುಂಬಾ ಉಪಕಾರ. ನೆಲಮಟ್ಟಕ್ಕೆ ಕಡಿದರೂ ಚಿಗುರುತ್ತದೆ ಎನ್ನುತ್ತಾರಲ್ಲ, ಅದು ನಿಜವೇ? ಇನ್ನೊಂದು, ಇದು ಮಿಶ್ರತಳಿ ಚಿಟಾಲ್ಪಾ ಇರಬಹುದೇ ಎಂಬ ಅನುಮಾನವೂ ಇದೆ.

ಕತ್ತರಿ_ಗರಗಸ:
ಕಾಯಿ ಕಚ್ಚಿದೆ ಎಂದಿದ್ದೀರಿ, ಹಾಗಾದರೆ ಚಿಟಾಲ್ಪಾ ಅಲ್ಲ. ಅದು 1964ರಲ್ಲಿ ತಾಷ್ಕೆಂಟಿನಲ್ಲಿ ಇದೇ ಮರಕ್ಕೆ ಕಟಾಲ್ಪಾ ಎಂಬ ಇನ್ನೊಂದು ಮರವನ್ನು ಬೆರೆಸಿ ಪಡೆದ ಬಂಜೆ ತಳಿ, ಕಾಯಿ ಬಿಡುವುದಿಲ್ಲ, ಎಲೆಯೂ ಇದಕ್ಕಿಂತ ಅಗಲ.

ಬಹುಕಾಂಡ:
ಚಿಗುರುವುದು ನಿಜ. ಆದರೆ ಹತ್ತಿಪ್ಪತ್ತು ಕಡ್ಡಿ ಒಟ್ಟಿಗೆ ಎದ್ದು ಮತ್ತೆ ಪೊದೆಯೇ ಆಗುತ್ತದೆ. ಕಡುಚಳಿಗೆ ಮೇಲ್ಭಾಗ ಸತ್ತ ಮರಕ್ಕೆ ಮಾತ್ರ ಆ ದಾರಿ.

ಸತ್ತಿದೆ ಎಂದು ತೀರ್ಮಾನಿಸುವಾಗಲೂ ಅವಸರ ಬೇಡ, ಇದು ತಡವಾಗಿ ಎಚ್ಚರವಾಗುವ ಮರ. ಸುತ್ತಲಿನ ಗಿಡಗಳೆಲ್ಲ ಹಸಿರಾದ ಮೇಲೂ ವಾರಗಟ್ಟಲೆ ಬೋಳಾಗಿ ನಿಂತಿರುತ್ತದೆ. ಆ ಹೊತ್ತಿಗೆ ಹೆದರಿ ನೀರು ಸುರಿದು ಬೇರು ಕೊಳೆಸುವವರೇ ಹೆಚ್ಚು. ಉಗುರಿನಿಂದ ತೊಗಟೆ ಕೆರೆದು ನೋಡಿ, ಒಳಗೆ ಹಸಿರಿದ್ದರೆ ಕಾಯಿರಿ. ಕಂದಾಗಿ ಒಣಗಿದ್ದರೆ ಕೆಳಗೆ ಕೆರೆಯುತ್ತಾ ಬನ್ನಿ, ಹಸಿರು ಸಿಕ್ಕ ಮೇಲೆ ಅದರ ಕೆಳಗಿನ ಕವಲಿನವರೆಗೆ ಸವರಿ.

ಒಣಕಾಯಿ ಮರಕ್ಕೆ ತೊಂದರೆಯಲ್ಲ, ಕಣ್ಣಿಗೆ ಹಿತವಿಲ್ಲದಿದ್ದರೆ ಕೈಗೆಟುಕಿದಷ್ಟು ತೆಗೆಯಿರಿ. ಬೀಜಕ್ಕೆ ಏನೂ ಸಂಸ್ಕಾರ ಬೇಕಿಲ್ಲ, ಬೆಚ್ಚಗಿನ ಮರಳುಮಿಶ್ರಿತ ಮಣ್ಣಿನಲ್ಲಿ ಅರ್ಧ ಸೆಂ.ಮೀ. ಆಳಕ್ಕೆ ಹಾಕಿದರೆ ಮೂರು ವಾರದೊಳಗೆ ಮೊಳೆಯುತ್ತದೆ. ಹೂವಿನ ಬಣ್ಣ ಮಾತ್ರ ತಾಯಿಮರದಂತೆಯೇ ಬರುತ್ತದೆಂಬ ಭರವಸೆಯಿಲ್ಲ. ಅದೇ ಬಣ್ಣ ಬೇಕಿದ್ದರೆ ಬೇಸಿಗೆಯ ಆರಂಭದಲ್ಲಿ 15 ಸೆಂ.ಮೀ. ಎಳೆಕೊಂಬೆ ಕತ್ತರಿಸಿ ನೆಡಿ.