ಸಿ ಭಾಷೆಯಲ್ಲಿ ಪ್ರಿಂಟ್‌ಎಫ್ ಇಲ್ಲದೆ ಪೂರ್ಣಾಂಕವನ್ನು ಮುದ್ರಿಸುವುದು ಹೇಗೆ?

ಪ್ರಶ್ನೆ (ಮಂಡ್ಯದಿಂದ):
ಎಲ್ಲರಿಗೂ ನಮಸ್ಕಾರ. ಸಿ ಭಾಷೆಯ ಸಿದ್ಧ ಮುದ್ರಣ ಫಂಕ್ಷನ್ ಆದ ಪ್ರಿಂಟ್‌ಎಫ್ ಬಳಸದೆ, ಲಿನಕ್ಸ್‌ನ ರೈಟ್ ಎಂಬ ಸಿಸ್ಟಂ ಕಾಲ್‌ನಿಂದಲೇ (ಆಪರೇಟಿಂಗ್ ಸಿಸ್ಟಂಗೆ ನೇರವಾಗಿ ಮಾಡುವ ಕೋರಿಕೆ) ಪೂರ್ಣಾಂಕವನ್ನು ಮುದ್ರಿಸಬೇಕೆಂದು ನಮಗೆ ಲ್ಯಾಬ್‌ನಲ್ಲಿ ಹೇಳಿದ್ದಾರೆ. ಕೆಆರ್‌ಎಸ್ ಜಲಾಶಯದ ಗರಿಷ್ಠ ಮಟ್ಟವಾದ 124.80 ಅಡಿಯನ್ನು ನೂರರಿಂದ ಗುಣಿಸಿ, 12480 ಎಂದು ಇಂಟ್ (ಪೂರ್ಣಾಂಕ) ಚರದಲ್ಲಿಟ್ಟು, ಮೆಮೊರಿಯಲ್ಲಿ ಅದರ ವಿಳಾಸವನ್ನೂ 4 ಬೈಟ್ ಎಂಬ ಅಳತೆಯನ್ನೂ ರೈಟ್‌ಗೆ ಕೊಟ್ಟೆ. ಅರ್ಥವಾಗದ ಒಂದು ಗುರುತು ಮತ್ತು ಅದರ ಪಕ್ಕದಲ್ಲಿ ಒಂದು ಸೊನ್ನೆ ಮಾತ್ರ ಬಂದವು. ಕೊನೆಯ ಅಂಕಿ ಸರಿಯಾಗಿಯೇ ಬಂದಿರುವಾಗ ಉಳಿದ ನಾಲ್ಕು ಅಂಕಿಗಳು ಎಲ್ಲಿ ಹೋದವು?

ಉತ್ತರ (ಮೈಸೂರಿನಿಂದ):
ಆ ಸೊನ್ನೆಯನ್ನು ನಂಬಬೇಡಿ. ಅದು ನಿಮ್ಮ ಸಂಖ್ಯೆಯ ಕೊನೆಯ ಅಂಕಿಯಲ್ಲ. ಒಂದು ಬೈಟ್‌ನಲ್ಲಿ 0ರಿಂದ 255ರವರೆಗಿನ ಸಂಖ್ಯೆ ಮಾತ್ರ ಹಿಡಿಯುತ್ತದೆ; 12480 ಎಂದರೆ 256ರ 48 ಪಟ್ಟು ಮತ್ತು ಅದರ ಮೇಲೆ 192. ನಮ್ಮ ಸಾಮಾನ್ಯ ಕಂಪ್ಯೂಟರುಗಳು ಕಿರಿಯ ಬೈಟನ್ನು ಮೊದಲು ಇಡುವುದರಿಂದ ಮೆಮೊರಿಯಲ್ಲಿ 192, 48, 0, 0 ಎಂಬ ನಾಲ್ಕು ಬೈಟ್‌ಗಳಿದ್ದವು, ರೈಟ್ ಅವುಗಳನ್ನು ಹಾಗೆಯೇ ಹೊರಗೆ ಕಳುಹಿಸಿತು. ಅಕ್ಷರಗಳಿಗೆ ಸಂಖ್ಯೆ ಕೊಡುವ ಆಸ್ಕಿ ಪಟ್ಟಿಯಲ್ಲಿ 48 ಎಂಬುದು ಸೊನ್ನೆ ಅಕ್ಷರದ ಸಂಕೇತವಾದ್ದರಿಂದ ಅದು ಕಾಕತಾಳೀಯವಾಗಿ ಕಾಣಿಸಿತು. 12481 ಕೊಟ್ಟು ನೋಡಿ, ಆಗಲೂ ಅದೇ ಸೊನ್ನೆ ಬರುತ್ತದೆ.

ರೈಟ್‌ಗೆ ಸಂಖ್ಯೆಯ ಅರಿವಿಲ್ಲ, ಬೈಟ್‌ಗಳ ಅರಿವು ಮಾತ್ರ ಇದೆ. ಆದ್ದರಿಂದ ಅಂಕಿಗಳನ್ನು ನೀವೇ ಅಕ್ಷರಗಳನ್ನಾಗಿ ಮಾಡಬೇಕು: ಸಂಖ್ಯೆಯನ್ನು 10ರಿಂದ ಭಾಗಿಸಿದಾಗ ಉಳಿಯುವ ಶೇಷಕ್ಕೆ 48 ಕೂಡಿಸಿ ಕ್ಯಾರ್ ಅರೇಯಲ್ಲಿ (ಅಕ್ಷರಗಳ ಸಾಲಿನಲ್ಲಿ) ಇಡಿ, ಭಾಗಲಬ್ಧವನ್ನು ಮತ್ತೆ ಭಾಗಿಸಿ, ಅದು ಸೊನ್ನೆಯಾದಾಗ ನಿಲ್ಲಿಸಿ. ಅಂಕಿಗಳು ಬಲದಿಂದ ಎಡಕ್ಕೆ ಸಿಗುವುದರಿಂದ ಅರೇಯನ್ನು ಕೊನೆಯ ಮನೆಯಿಂದ ಹಿಂದಕ್ಕೆ ತುಂಬುತ್ತ ಬಂದರೆ ತಿರುಗಿಸುವ ಕೆಲಸವೇ ಇರುವುದಿಲ್ಲ. ಒಮ್ಮೆಯಾದರೂ ಓಡುವ ಡೂ-ವೈಲ್ ಲೂಪ್ ಬಳಸಿ, ಇಲ್ಲದಿದ್ದರೆ ಮೂಲ ಸಂಖ್ಯೆಯೇ ಸೊನ್ನೆಯಾದಾಗ ಏನೂ ಮುದ್ರಣವಾಗುವುದಿಲ್ಲ.

ಪ್ರಶ್ನೆ ಕೇಳಿದವರು:
ಧನ್ಯವಾದ ಸರ್, 12480 ಸರಿಯಾಗಿ ಬಂದಿತು. ಋಣ ಸಂಖ್ಯೆಯಾದರೆ ಮೈನಸ್ ಮುದ್ರಿಸಿ, ಅದನ್ನು ಧನವಾಗಿ ಬದಲಿಸಿ, ಸಂಖ್ಯೆ ಸೊನ್ನೆಗಿಂತ ದೊಡ್ಡದಿರುವವರೆಗೆ ಭಾಗಿಸುತ್ತಿದ್ದೇನೆ. ಆದರೆ ಅತಿ ಚಿಕ್ಕ ಸಂಖ್ಯೆಯಾದ -2147483648 ಕೊಟ್ಟಾಗ ಮೈನಸ್ ಪಕ್ಕದಲ್ಲಿ ತೆರೆದ ಆವರಣ ಚಿಹ್ನೆಯೊಂದು ಮಾತ್ರ ಬರುತ್ತಿದೆ.

ಉತ್ತರ (ಮೈಸೂರಿನಿಂದ):
ಇದನ್ನು ನೀವಾಗಿಯೇ ಪರೀಕ್ಷಿಸಿದ್ದು ನನಗೆ ಬಹಳ ಸಂತೋಷ ತಂದಿತು. 32 ಬಿಟ್‌ನ ಇಂಟ್‌ನಲ್ಲಿ ಅತಿ ದೊಡ್ಡ ಧನ ಸಂಖ್ಯೆ 2147483647 ಆಗಿರುವುದರಿಂದ ನಿಮ್ಮ ಸಂಖ್ಯೆಯ ಧನ ರೂಪಕ್ಕೆ ಅಲ್ಲಿ ಜಾಗವಿಲ್ಲ. ಅದು ಋಣವಾಗಿಯೇ ಉಳಿದು, ಶೇಷ -8 ಬಂದು, 48 ಕೂಡಿಸಿದಾಗ 40 ಆಯಿತು. ಅದೇ ಆವರಣ ಚಿಹ್ನೆಯ ಸಂಕೇತ. ಸಿ ಮಾನಕದ ಪ್ರಕಾರ ಇಂಥ ಲೆಕ್ಕಕ್ಕೆ ನಿಶ್ಚಿತ ಫಲಿತಾಂಶವೇ ಇಲ್ಲದ್ದರಿಂದ ಬೇರೆ ಕಂಪೈಲರ್ ಬೇರೆ ಫಲವನ್ನೂ ಕೊಡಬಹುದು. ಮೊದಲು ಸಂಖ್ಯೆಯನ್ನು ಅನ್‌ಸೈನ್ಡ್ ಇಂಟ್‌ಗೆ (ಋಣ ಸಂಖ್ಯೆಗಳಿಲ್ಲದ ಇಂಟ್) ಪರಿವರ್ತಿಸಿ, ಆಮೇಲೆ ಅದನ್ನು ಸೊನ್ನೆಯಿಂದ ಕಳೆಯಿರಿ. ಮೈನಸ್ ಸೇರಿ 11 ಬೈಟ್‌ಗಳ ಅರೇ ಸಾಕು.

ಮತ್ತೊಬ್ಬರ ಉತ್ತರ:
ಇದೇ ವಿಧಾನದಿಂದ ಕನ್ನಡ ಅಂಕಿಗಳನ್ನೂ ಮುದ್ರಿಸಬಹುದು. ಎಲ್ಲ ಭಾಷೆಗಳ ಅಕ್ಷರಗಳನ್ನು ಬೈಟ್‌ಗಳಲ್ಲಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಪ್ರತಿ ಕನ್ನಡ ಅಂಕಿಗೆ ಮೂರು ಬೈಟ್‌ಗಳು ಬೇಕು: 224, 179, ಮೂರನೆಯದು 166ಕ್ಕೆ ಶೇಷವನ್ನು ಕೂಡಿಸಿದ ಮೊತ್ತ. ಹಿಂದಿನಿಂದ ತುಂಬುವಾಗ ಮೂರನೆಯ ಬೈಟನ್ನೇ ಮೊದಲು ಇಡಬೇಕು, ಮತ್ತು ಅರೇಯ ಅಳತೆಯನ್ನು 31ಕ್ಕೆ ಹೆಚ್ಚಿಸಬೇಕು. ಆಗ ೧೨೪೮೦ ಎಂಬುದು 15 ಬೈಟ್‌ಗಳಾಗಿ ಹೊರಬರುತ್ತದೆ.