10ನೇ ಕ್ಲಾಸ್ ತಮ್ಮಂಗೆ ಗಣಿತಕ್ಕೆ ಫ್ರೀ ಆನ್‌ಲೈನ್ ಟ್ಯೂಷನ್, ಕನ್ನಡ ಮೀಡಿಯಂಗೆ ಏನಾದ್ರೂ ಇದ್ಯಾ?

ತಿಪಟೂರು ಅಕ್ಕ:
ಎಲ್ರಿಗೂ ನಮಸ್ಕಾರ. ನನ್ ತಮ್ಮ ತಿಪಟೂರು ಹತ್ರ ಹಳ್ಳೀಲಿ ಸರ್ಕಾರಿ ಹೈಸ್ಕೂಲು, 10ನೇ ಕ್ಲಾಸ್. ನಾನು ಬೆಂಗಳೂರಲ್ಲಿ ಗಾರ್ಮೆಂಟ್ಸಲ್ಲಿ ಕೆಲ್ಸ ಮಾಡ್ತೀನಿ, ರೂಮಿಗೆ ಬರೋದೇ ರಾತ್ರಿ 8 ಆಗತ್ತೆ. ಬೇರೆ ಸಬ್ಜೆಕ್ಟ್ ಪರ್ವಾಗಿಲ್ಲ, ಗಣಿತ ಅಂದ್ರೆ ಪುಸ್ತಕ ಮುಚ್ಚಿಡ್ತಾನೆ. ಟ್ಯೂಷನ್‌ಗೆ ಟೌನಿಗೆ ಹೋದ್ರೆ ಸಂಜೆ ವಾಪಸ್ ಬರಕ್ಕೆ ಬಸ್ಸಿಲ್ಲ. ಮನೇಲಿರೋದು ಅಮ್ಮನ ಫೋನ್ ಒಂದೇ. ಲೆಕ್ಕದ ಫೋಟೋ ತೆಗೆದ್ರೆ ಉತ್ತರ ಕೊಡೋ ಆಪ್ ಯಾರೋ ಹಾಕ್ಕೊಟ್ರು, ಅವ್ನು ಅದನ್ನೇ ನೋಟ್ಸಿಗೆ ಇಳಿಸ್ಕೊಂಡು ಹೋದ, ಟೆಸ್ಟಲ್ಲಿ 20ಕ್ಕೆ 4 ಬಂತು. ದುಡ್ಡು ಕೇಳ್ದೆ ಕನ್ನಡದಲ್ಲಿ ಹೇಳ್ಕೊಡೋರು ಇದ್ರೆ ದಯವಿಟ್ಟು ತಿಳಿಸಿ.

ಗಣಿತ ಮೇಷ್ಟ್ರು (ನಿವೃತ್ತ):
ತಂಗಿ, ಮೊದ್ಲು ಅವನ ಟೆಕ್ಸ್ಟ್ ಬುಕ್ಕಲ್ಲಿ ಪಾಠದ ಹತ್ರ ಇರೋ ಕ್ಯೂಆರ್ ಕೋಡ್ ನೋಡಕ್ಕೆ ಹೇಳಮ್ಮ, ಸರ್ಕಾರದ ಪಾಠದ ಆಪ್ ದೀಕ್ಷಾದಲ್ಲಿ ಸ್ಕ್ಯಾನ್ ಮಾಡಿದ್ರೆ ಆ ಪಾಠದ್ದೇ ಬರತ್ತೆ, ದುಡ್ಡೇನಿಲ್ಲ. ಖಾನ್ ಅಕಾಡೆಮಿ ಅಂತ ಫ್ರೀ ಪಾಠದ ವೆಬ್‌ಸೈಟಿದೆ, ಅದ್ರಲ್ಲೂ ಕನ್ನಡದಲ್ಲಿ ಗಣಿತ ಇದೆ. ಅದು ಶುರುವಾಗಿದ್ದೇ ಹೀಗೆ, ಸಾಲ್ ಖಾನ್ ಅನ್ನೋರು 2004ರಲ್ಲಿ ದೂರದ ಊರಲ್ಲಿದ್ದ ಕಸಿನ್‌ಗೆ ಫೋನಲ್ಲೇ ಲೆಕ್ಕ ಹೇಳ್ಕೊಡ್ತಿದ್ರು. ನೀನೂ ಮಾಡ್ಬಹುದು.

ಅವ್ನು ಎಲ್ಲಿ ತಪ್ತಾನೆ ನೋಡು. ಸಮಾಂತರ ಶ್ರೇಢೀಲಿ, ಅಂದ್ರೆ ಪ್ರತಿ ಸಲ ಒಂದೇ ಸಂಖ್ಯೆ ಸೇರಿಸ್ತಾ ಹೋಗೋ ಸಾಲಲ್ಲಿ, 3, 7, 11... ಇದರ 20ನೇ ಪದ ಕೇಳಿದ್ರೆ ತುಂಬ ಮಕ್ಳು 20 ಸಲ 4 ಸೇರಿಸಿ 83 ಅಂತಾರೆ. ತೋಟಕ್ಕೆ ಕಳ್ಸು. ಒಂದು ಸಾಲಲ್ಲಿ 20 ತೆಂಗಿನಮರ ಇದ್ರೆ ಮಧ್ಯ ಸಂದು ಎಷ್ಟು? 19. ಅದಕ್ಕೇ 3 ಕ್ಕೆ 19 ಸಲ 4 ಸೇರ್ಸಿ, 79. ಇದು ಒಂದ್ಸಲ ಕಣ್ಣಿಗೆ ಬಿದ್ರೆ ಸೂತ್ರ ಬಾಯಿಪಾಠ ಮಾಡೋದೇ ಬೇಡ, ಆದ್ರೆ ಉತ್ತರ ಕೊಡೋ ಆಪ್ ಇದನ್ನ ತೋರ್ಸಲ್ಲ ಅಂತ ನಂಗೆ ನಿಜವಾಗ್ಲೂ ಬೇಜಾರು.

ಸೆಕೆಂಡ್ ಪಿಯು ಹುಡುಗಿ:
ಅಕ್ಕ ನಾನೂ ಕನ್ನಡ ಮೀಡಿಯಮ್ಮೇ. ನಾವು 6 ಜನ ಫ್ರೆಂಡ್ಸ್ ವಾಟ್ಸಾಪ್ ಗ್ರೂಪ್ ಮಾಡ್ಕೊಂಡಿದ್ವಿ, ರೂಲ್ ಒಂದೇ, ಬರೀ ಪ್ರಶ್ನೆ ಹಾಕಂಗಿಲ್ಲ, ತಾನು ಮಾಡಿರೋದ್ರ ಫೋಟೋ ಹಾಕಿ ಸಿಕ್ಕಾಕೊಂಡ ಲೈನಿಗೆ ಗೆರೆ ಎಳೀಬೇಕು, ಗೊತ್ತಿರೋರು ಉತ್ತರ ಹೇಳ್ದೆ ಮುಂದಿನ ಒಂದ್ ಸ್ಟೆಪ್ ಮಾತ್ರ ವಾಯ್ಸ್ ಮೆಸೇಜಲ್ಲಿ ಹೇಳ್ಬೇಕು. ಡೇಟಾನೂ ಜಾಸ್ತಿ ತಿನ್ನಲ್ಲ. ತ್ರಿಭುಜದ ಪಾಠದಲ್ಲಿ ಬರೋ ಥೇಲ್ಸ್ ಪ್ರಮೇಯ ನಾನು ಇನ್ನೊಬ್ಳಿಗೆ ಮೂರ್ ಸಲ ಹೇಳ್ಕೊಟ್ಟಿದ್ರಿಂದ್ಲೇ ನಂಗೆ ಬಂದಿದ್ದು. ಪರೀಕ್ಷಾ ಮಂಡಳಿ ವೆಬ್‌ಸೈಟಲ್ಲಿ ಮಾದರಿ ಪ್ರಶ್ನೆಪತ್ರಿಕೆ ಫ್ರೀ ಸಿಗತ್ತೆ, ವಾರಕ್ಕೊಂದು ಹಾಗೇ ಕೂತು ಬಿಡಿಸ್ತಿದ್ವಿ.

ಐಟಿ ಕೆಲಸ:
ಸ್ಕೂಲ್‌ಹೌಸ್ ಅಂತ ಒಂದಿದೆ, 2020ರಲ್ಲಿ ಸಾಲ್ ಖಾನ್ ಅವರೇ ಶುರು ಮಾಡಿದ್ದು, ಝೂಮಲ್ಲಿ ಚಿಕ್ಕ ಗುಂಪಿಗೆ ವಾಲಂಟಿಯರ್‌ಗಳು ಹೇಳ್ಕೊಡ್ತಾರೆ, ಅದ್ರಲ್ಲಿ ಹೈಸ್ಕೂಲ್ ಮಕ್ಳೂ ಇರ್ತಾರೆ, ಪೂರ್ತಿ ಫ್ರೀ. ಆದ್ರೆ ಇಂಗ್ಲಿಷಲ್ಲಿ. ನಿಮ್ ತಮ್ಮಂಗೆ ಈಗ್ಲೇ ಬೇಡ ಅನ್ಸತ್ತೆ, ಭಾಷೆಗೇ ಹೆದ್ರಿಬಿಟ್ರೆ ಇರೋ ಧೈರ್ಯನೂ ಹೋಗತ್ತೆ.

ತಿಪಟೂರು ಅಕ್ಕ:
ಎಲ್ರಿಗೂ ತುಂಬ ಥ್ಯಾಂಕ್ಸ್. ಮೇಷ್ಟ್ರೇ, ನಿನ್ನೆ ರಾತ್ರಿ ಫೋನ್ ಮಾಡಿ ತೆಂಗಿನಮರದ್ದು ಕೇಳ್ದೆ, ಮೊದ್ಲು 20 ಅಂದ, ಆಮೇಲೆ ಎಣಿಸಿ 19 ಅಕ್ಕ ಅಂತ ಕೂಗ್ದ. ಕ್ಲಾಸಿನ ಇನ್ನಿಬ್ರು ಹುಡುಗ್ರನ್ನ ಸೇರ್ಸಿ ಗ್ರೂಪ್ ಮಾಡಿದೀವಿ, ನಾನೂ ಇದೀನಿ. ಇವತ್ತು ಅವ್ನೇ ಅವ್ರಿಗೆ ವಾಯ್ಸ್ ಹಾಕಿದಾನೆ. ಆದ್ರೆ 10, 7, 4 ಅಂತ ಇಳಿಯೋ ಶ್ರೇಢೀಲಿ ಮೂವರೂ ವ್ಯತ್ಯಾಸ 3 ಅಂತಾವ್ರೆ, ನಂಗೂ ಹೇಗೆ ಹೇಳೋದು ಗೊತ್ತಾಗ್ಲಿಲ್ಲ.

ಗಣಿತ ಮೇಷ್ಟ್ರು (ನಿವೃತ್ತ):
ಯಾವಾಗ್ಲೂ ಮುಂದಿನ ಪದದಿಂದ ಹಿಂದಿನ ಪದ ಕಳೀಬೇಕು. 7 ರಲ್ಲಿ 10 ಹೋದ್ರೆ ಮೈನಸ್ 3. ಜೇಬಲ್ಲಿ 10 ರೂಪಾಯಿ ಇತ್ತು, ದಿನಾ 3 ಖರ್ಚಾಯ್ತು ಅಂತ ಹೇಳು, ಕೂಡಿಸ್ತಾರಾ ಕಳೀತಾರಾ ಅವ್ರೇ ಹೇಳ್ಲಿ. 5ನೇ ಪದ ಏನ್ ಬಂತು ಅಂತ ನಾಳೆ ಇಲ್ಲೇ ಹಾಕಮ್ಮ, ನೋಡ್ತೀನಿ.